ಗೆಜ್ಜೆ ಕಟ್ಟಿದ ಬ್ಯಾಟರಿ ಗಾಡಿ

೧೮ ಆಗಸ್ಟ್ ೨೦೦೮, ಸೋಮವಾರ

ಟೈರ್ ಕಂಪನಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇಷ್ಟು ದಿನ ಖಾಲಿ ಬಿದ್ದಿತ್ತು. ಇವತ್ತು ಹುಡುಕಿ ತೆಗೆದಿದ್ದೇನೆ. ಯಾರಿಗಾದರೂ ಬೈಯಲೇಬೇಕಾಗಿದೆ, ಮನೆಯಲ್ಲಿ ಬೈದರೆ ಹೆಂಡತಿ ಶಾರವ್ವ ಮಾತು ಬಿಡುತ್ತಾಳೆ.

ಪ್ರೀತಿ ಬ್ಯಾಟರಿ ಗಾಡಿ ತಂದಿದ್ದಾಳೆ. ನನ್ನ ಮಗಳು! ಬಾದಾಮಿ ಸ್ಟೇಷನ್ ರಸ್ತೆಯ ಕಿವಿ ತಿಮ್ಮಣ್ಣನ ಮಗಳು! ಚೊಳಚಗುಡ್ಡದ ಅಂಗನವಾಡಿ ಕೆಲಸಕ್ಕೆ ಹೋಗಿ ಬರಲಿ ಎಂದು ನಾನೇ ಒಂದು ಹಳೆಯ ಮೊಪೆಡ್ ತಂದು, ಎಂಜಿನ್ ಇಳಿಸಿ, ಪಿಸ್ಟನ್ನು, ರಿಂಗು ಹೊಸದು ಹಾಕಿ, ಹಸಿರು ಬಣ್ಣ ಹೊಡೆಸಿ ನಿಲ್ಲಿಸಿದ್ದೆ. ಅದನ್ನು ಮುಟ್ಟಿ ಕೂಡ ನೋಡಲಿಲ್ಲ. ಸೀದಾ ಬಾಗಲಕೋಟೆ ನವನಗರಕ್ಕೆ ಹೋಗಿ ಇದನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದಳು. ಪೆಟ್ರೋಲ್ ಬೇಡ, ಹೊಗೆ ಇಲ್ಲ, ಲೈಸೆನ್ಸೂ ಬೇಡವಂತೆ. ಎಂಜಿನ್ನೇ ಇಲ್ಲದ್ದನ್ನು ಗಾಡಿ ಎಂದು ಹೇಗೆ ಕರೆಯುವುದು? ಮಿಕ್ಸರಿಗೆ ಗಾಲಿ ಹಚ್ಚಿದಂತಿದೆ.

“ಯಪ್ಪಾ, ನಂಗ ಹೊಗಿ ಬ್ಯಾಡ,” ಅಂದಳು. “ಹುಟ್ಟಿದಾಗಿಂದ ಈ ಗ್ಯಾರೇಜಿನ ಹೊಗಿ ಕುಡದೇನಿ. ಸಣ್ಣಾಕಿ ಇದ್ದಾಗ ದಮ್ಮ ಹತ್ತಿ ಎದ್ದು ಕುಂದರತಿದ್ನೆಲ್ಲ, ಮರತಿಯೇನು?”

ಮರೆತಿಲ್ಲ. ಆದರೆ ಆ ಹೊಗೆಯಲ್ಲೇ ಅವಳ ಅನ್ನ ಬೆಂದದ್ದು, ಅವಳು ಕಾಲೇಜು ಕಲಿತದ್ದು. ನಾಲ್ಕು ಜನರ ಮುಂದೆ ಹಂಗಿಸಿದಂತಾಯಿತು ನನಗೆ.

ಊರವರು ನನ್ನನ್ನು ಸುಮ್ಮನೆ ಕಿವಿ ತಿಮ್ಮಣ್ಣ ಎನ್ನುವುದಿಲ್ಲ. ಹುಡುಗನಾಗಿದ್ದಾಗ ಇಳಕಲ್ಲಿನ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದವನು ನಾನು. ಮಗ್ಗಗಳೆಲ್ಲ ಒಮ್ಮೆಗೇ ಬಡಿಯುತ್ತಿದ್ದರೂ ಯಾವುದರ ಲಾಳಿ ತಪ್ಪಿತು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಮುಂದೆ ಗ್ಯಾರೇಜ್ ಹಾಕಿದ ಮೇಲೆ, ಗಾಡಿ ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ ಕೂತಲ್ಲಿಂದ “ಚೈನು ಜಗ್ಗೈತಿ”, “ಟ್ಯಾಪೆಟ್ ಸಡ್ಲಾಗೈತಿ” ಎಂದುಬಿಡುತ್ತಿದ್ದೆ. ಈ ಕಿವಿ ಇರುವತನಕ ನನಗೆ ಯಾರ ಹಂಗೂ ಇಲ್ಲ. ಅಂಥವನ ಮನೆಗೆ ಈ ಮೂಗ ಗಾಡಿ!

೨೨ ಆಗಸ್ಟ್, ಶುಕ್ರವಾರ

ಬೆಕ್ಕು ಬಂದಂತೆ ಬಂದು ಬೆನ್ನ ಹಿಂದೆ ನಿಲ್ಲುತ್ತದೆ. ಇವತ್ತು ಬೆಚ್ಚಿಬಿದ್ದು ಕೈಲಿದ್ದ ಸ್ಪಾರ್ಕ್ ಪ್ಲಗ್ಗು ಚರಂಡಿಗೆ ಹೋಯಿತು.

“ಸದ್ದ ಐತೆಲ್ಲಪ್ಪಾ. ಗುಂಯ್ ಅಂತೈತಿ, ಕೇಳು,” ಅಂದಳು. ಬಗ್ಗಿ ಕೇಳಿದೆ. ಮಣ್ಣೂ ಇಲ್ಲ. ತನ್ನ ಗಾಡಿಯ ಮಾನ ಕಾಯಲು ಸುಳ್ಳು ಬೇರೆ ಹೇಳುತ್ತಾಳೆ.

ನಮ್ಮ ಟಿವಿಯೂ ಕೆಟ್ಟಿದೆ. ಎಷ್ಟು ಏರಿಸಿದರೂ ವಾರ್ತೆ ಓದುವವಳು ಬಾಯಲ್ಲಿ ಅಡಿಕೆ ಇಟ್ಟುಕೊಂಡವಳಂತೆ ಗೊಣಗುತ್ತಾಳೆ. ನಾನು ಏರಿಸುತ್ತೇನೆ, ಶಾರವ್ವ ಬಂದು ಇಳಿಸುತ್ತಾಳೆ.

೩೦ ಆಗಸ್ಟ್, ಶನಿವಾರ, ಅಮಾವಾಸ್ಯೆ

ಆಗಬಾರದ್ದು ಆಗಿಯೇ ಹೋಯಿತು. ಗ್ಯಾರೇಜಿನ ಮುಂದೆ ಪೂಜೆ ಮಾಡಿ, ಕಾಯಿ ಒಡೆದು, ಕರ್ಪೂರದ ತಟ್ಟೆ ಹಿಡಿದು ಹಿಂದೆ ಸರಿಯುತ್ತಿದ್ದೆ. ಪ್ರೀತಿಯ ಗಾಡಿಯ ಹ್ಯಾಂಡಲ್ ಬಂದು ಮೊಣಕೈಗೆ ಬಡಿಯಿತು. ತಟ್ಟೆ ಒಂದು ಕಡೆ, ನಾನೊಂದು ಕಡೆ.

“ಹಾರ್ನ್ ಹೊಡದೆ ಯಪ್ಪಾ! ಮ್ಯಾಲಿಂದ ಮ್ಯಾಲ ಹೊಡದೆ!”

“ಹೊಡದಿದ್ರ ನಂಗ ಕೇಳತಿರಲಿಲ್ಲೇನ? ನಾ ಯಾರು ಅಂತ ತಿಳದಿ?”

ಸುಭಾನಸಾಬ ಅಲ್ಲೇ ನಿಂತಿದ್ದ. ಶಾಲೆಗೆ ಹೋಗುವಾಗಿನಿಂದ ನನ್ನ ದೋಸ್ತ. ಮೊದಲು ಸ್ಟೇಷನ್ನಿನಿಂದ ಊರೊಳಗೆ ಟಾಂಗಾ ಹೊಡೆಯುತ್ತಿದ್ದ. ಕುದುರೆ ಮೋತಿ ಸತ್ತ ಮೇಲೆ ಟಂಟಂ ಎಂಬ ಮೂರು ಗಾಲಿಯ ಗಾಡಿ ಕೊಂಡು ಪಟ್ಟದಕಲ್ಲಿಗೆ ಜನ ಒಯ್ಯುತ್ತಾನೆ. ನನ್ನ ಪರವಾಗಿ ಎರಡು ಮಾತು ಆಡಿಯಾನು ಎಂದರೆ ಆ ಮನುಷ್ಯ ನನ್ನ ಮುಖ ನೋಡಿದ, ಹುಡುಗಿಯ ಮುಖ ನೋಡಿದ, ಹೊರಟೇಹೋದ. ಸ್ವಲ್ಪ ಹೊತ್ತಿಗೆ ಮನೆಯಿಂದ ಒಂದು ಚರ್ಮದ ಪಟ್ಟಿ ತಂದ. ಮೋತಿಯ ಕೊರಳಿನ ಗೆಜ್ಜೆ.

“ಇದನ್ನ ಕಟ್ಟು ಬೇಟಾ,” ಎಂದು ಪ್ರೀತಿಗೆ ಹೇಳಿದ. “ನಮ್ಮ ಮೋತಿ ಬರೂದು ಅಗಸಿ ಬಾಗಲದ ಆಚೆಗೇ ಗೊತ್ತಾಗತಿತ್ತು. ನಿಮ್ಮಪ್ಪಗೂ ಗೊತ್ತಾಗಲಿ.”

ನನ್ನ ಕಿವಿಯ ಹತ್ತಿರವೇ ಹಿಡಿದು ಅಲ್ಲಾಡಿಸಿದ. ಝಲ್ ಝಲ್! ಏನು ಸದ್ದು ಅದು! ಮನಸ್ಸು ಒಮ್ಮೆಗೇ ಮೋತಿಯ ಟಾಂಗಾ ನಿಲ್ಲುತ್ತಿದ್ದ ಸ್ಟೇಷನ್ನಿನ ಹುಣಸೆಮರದ ಕೆಳಗೆ ಹೋಗಿ ನಿಂತಿತು. ನಾನೇ ಹ್ಯಾಂಡಲ್ಲಿಗೆ ಬಿಗಿದು ಕಟ್ಟಿದೆ. ಈಗ ಆ ಗಾಡಿಗೂ ಒಂದು ಬಾಯಿ ಬಂತು.

೧೬ ಸೆಪ್ಟೆಂಬರ್, ಮಂಗಳವಾರ

ಇಳಕಲ್ಲಿಗೆ ಹೋಗಿ ಬಂದೆವು, ಶಾರವ್ವನ ತಂಗಿಯ ಮಗಳ ನಿಶ್ಚಿತಾರ್ಥ. ಪವರ್‌ಲೂಮ್ ಓಣಿಯಲ್ಲಿ ಹಾದು ಬಂದೆವು. ಮೊದಲು ಆ ಓಣಿಯಲ್ಲಿ ಒದರಿದರೂ ಮಾತು ಕೇಳುತ್ತಿರಲಿಲ್ಲ, ಈಗ ಎಲ್ಲೋ ದೂರದಲ್ಲಿ ಬಡಿದ ಹಾಗೆ. ಧಂದೆ ಅಷ್ಟು ಬಿದ್ದಿದೆ. ಷಡ್ಡಕನಿಗೆ ಹಾಗಂದರೆ, “ಎಲ್ಲಾ ಮಗ್ಗ ನಡದಾವಲ್ರಿ” ಎಂದು ನಕ್ಕ. ಕುಡಿದಿದ್ದನೋ ಏನೋ.

ಗ್ಯಾರೇಜಿನಲ್ಲಿ ಒಂದು ಹೊಸ ಉಪಾಯ ಹಿಡಿದಿದ್ದೇನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಎಲುಬಿಗೆ ಹಚ್ಚಿದರೆ ಒಳಗಿನ ಸದ್ದು ಬರುತ್ತದೆ. ಇದು ಎಲ್ಲ ಮೇಸ್ತ್ರಿಗಳಿಗೂ ಗೊತ್ತು. ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದರೆ ಇನ್ನೂ ಚೆನ್ನ, ತಲೆಯ ತುಂಬ ಎಂಜಿನ್ ತಿರುಗುತ್ತದೆ. ಇದನ್ನು ಮಾತ್ರ ನಾನೇ ಕಂಡುಹಿಡಿದದ್ದು. ಬ್ಯಾಂಕಿನ ಸಾಹೇಬರು, “ಏನ್ ತಿಮ್ಮಣ್ಣಾರ, ಗಾಡಿ ತಿನ್ನಾಕತ್ತೀರೇನು?” ಎಂದು ನಗಾಡಿದರು. ನಗಲಿ. ಈಗಿನ ಎಂಜಿನ್ನುಗಳೇ ಮೆತ್ತಗೆ ಮಾತಾಡುತ್ತವೆ, ಅದಕ್ಕೆ ನಾನೇನು ಮಾಡಲಿ?

ಪ್ರೀತಿ ರಸ್ತೆಯಲ್ಲಿ ಗೆಜ್ಜೆಗೆ ಬಟ್ಟೆ ಸುತ್ತುತ್ತಾಳೆಂದು ನನಗೆ ಸಂಶಯ. ಮನೆಗೆ ಬಂದು ನಿಂತಾಗಲೇ ನನಗೆ ಗೊತ್ತಾಗುವುದು.

೮ ಅಕ್ಟೋಬರ್, ಬುಧವಾರ, ಖಂಡೇಪೂಜೆ

ಗ್ಯಾರೇಜಿನ ಗಾಡಿಗಳನ್ನೆಲ್ಲ ಪೈಪು ಹಿಡಿದು ತೊಳೆದೆ. ಹಬ್ಬವಲ್ಲವೇ, ಸಿಟ್ಟು ಬಿಟ್ಟು ಮಗಳ ಗಾಡಿಯನ್ನೂ ತೊಳೆಯೋಣ ಎನ್ನಿಸಿತು. ಸೀಟು ಎತ್ತಿ, ಒಳಗಿನ ಧೂಳು ಪೂರ್ತಿ ಹೋಗಲೆಂದು ಪ್ರೆಶರ್ ಪೈಪು ಬಿಟ್ಟೆ. ಕುಂಕುಮ ಹಚ್ಚಿದೆ, ಚೆಂಡುಹೂವಿನ ಮಾಲೆ ಹಾಕಿದೆ, ಗೆಜ್ಜೆಗೂ ಎಣ್ಣೆ ಒರೆಸಿದೆ. ಆರತಿ ಮಾಡಿ ಪ್ರೀತಿ ಚಾವಿ ತಿರುವಿದಳು. ಲೈಟು ಇಲ್ಲ, ಹಾರ್ನ್ ಇಲ್ಲ, ಹೆಣ.

ಅವಳು ಸೀಟು ಎತ್ತಿ ನೋಡಿದಳು. ವಾಯರುಗಳ ಪೆಟ್ಟಿಗೆಯಲ್ಲಿ ನೀರು ನಿಂತಿತ್ತು. ಸೆರಗಿನ ತುದಿಯಿಂದ ನೀರು ತೆಗೆಯತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

೧೦ ಅಕ್ಟೋಬರ್, ಶುಕ್ರವಾರ

ನವನಗರದ ಅಂಗಡಿಗೆ ಫೋನ್ ಮಾಡಿದೆ. ಅವನು ಅಂದದ್ದು ಒಂದಕ್ಷರ ತಿಳಿಯಲಿಲ್ಲ, ಈ ಮೊಬೈಲುಗಳ ಹಣೆಬರಹವೇ ಇಷ್ಟು. ಪ್ರೀತಿ ಕಸಿದುಕೊಂಡು ಮಾತಾಡಿದಳು. ಪೆಟ್ಟಿಗೆ ಬಿಚ್ಚಿ ಬಿಸಿಲಿಗಿಟ್ಟಳು, ಒಂದೊಂದೇ ವಾಯರು ಒರೆಸಿದಳು, ಮೀಟರಿನ ಎರಡು ಕಡ್ಡಿ ಹಚ್ಚಿ ಅಂಕಿ ನೋಡಿದಳು. ನಾನು ದೂರ ಕುರ್ಚಿಯಲ್ಲಿ ಕೂತು ಪೇಪರ್ ಓದುವವನಂತೆ ನೋಡುತ್ತಿದ್ದೆ. ಕೈ ನನ್ನದೇ. ನಟ್ಟು ಬಿಚ್ಚುವ ಮೊದಲು ಒಮ್ಮೆ ಹೆಬ್ಬೆಟ್ಟಿನಿಂದ ಸವರುತ್ತಾಳೆ, ನಾನೂ ಹಾಗೆಯೇ.

ಸಂಜೆಗೆ ಗಾಡಿ ನಡೆಯಿತು. ನಿನ್ನೆ ಬನ್ನಿ ಕೊಡುವುದು ಉಳಿದಿತ್ತು, ಈಗ ತಂದು ಕೈಯಲ್ಲಿಟ್ಟಳು. “ಬಂಗಾರದ್ಹಂಗ ಇರೂಣು ಯಪ್ಪಾ.” ಕಣ್ಣು ತುಂಬಿತು. ಧೂಳು ಬಿದ್ದಿದೆ ಎಂದೆ.

೪ ನವೆಂಬರ್, ಮಂಗಳವಾರ

ಸುಭಾನ ಟಂಟಂ ತಂದಿದ್ದ. “ನೋಡ ಲೇ ಒಮ್ಮಿ, ನಾಳಿ ನಾಡದ ಬಾಡಗಿ ಭಾಳ ಅದಾವ.” ಸ್ಕ್ರೂಡ್ರೈವರ್ ಕಚ್ಚಿ ಕೇಳಿದೆ. ಡೀಸೆಲ್ ಎಂಜಿನ್, ಗುಡುಗುಡು ತಲೆಯ ತುಂಬ ತುಂಬಿತು. ಬೇರೆ ಏನೂ ಇಲ್ಲ. “ತಗೊಂಡ ಹೋಗು, ಏನೂ ಆಗಿಲ್ಲ,” ಅಂದೆ.

ಪ್ರೀತಿ ಆಗಷ್ಟೇ ಬಂದು ನಿಂತಿದ್ದಳು. “ಯಪ್ಪಾ, ಒಳಗ ಕಟಕಟ ಅನ್ನಾಕತ್ತೈತೆಲ್ಲ?”

ದೋಸ್ತನ ಮುಂದೆ! ಕಟಕಟವಂತೆ! ಇವಳು ಹುಟ್ಟುವ ಮೊದಲಿನಿಂದ ಎಂಜಿನ್ ಬಿಚ್ಚಿದವನು ನಾನು. “ನಿನ್ನ ಮಿಕ್ಸರ್ ನೀ ನೋಡಕೋ. ಡೀಸೆಲ್ ಗಾಡಿ ಸುದ್ದಿಗೆ ಬರಬ್ಯಾಡ,” ಎಂದು ಗದರಿದೆ. ಸುಭಾನ ಎಂಜಿನ್ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ, “ತಿಮ್ಮ್ಯಾ ಏನೂ ಇಲ್ಲ ಅಂದ್ರ ಏನೂ ಇಲ್ಲ ಬೇಟಾ,” ಎಂದು ಹೊರಟ.

ದೋಸ್ತ ಅಂದರೆ ಹಾಗಿರಬೇಕು.

೬ ನವೆಂಬರ್, ಗುರುವಾರ

ಸುಭಾನನ ಗಾಡಿ ಪಟ್ಟದಕಲ್ಲ ರಸ್ತೆಯಲ್ಲಿ ಬಿದ್ದಿದೆ. ದವಾಖಾನೆಗೆ ಹೊರಟೆ.

೭ ನವೆಂಬರ್, ಶುಕ್ರವಾರ

ಜೀವಕ್ಕೆ ಏನೂ ಆಗಿಲ್ಲ. ಗಾಡಿಯಲ್ಲಿದ್ದ ಹೆಣ್ಣುಮಕ್ಕಳಿಗೆ ತರಚುಗಾಯ. ಸುಭಾನನ ಬಲಗೈ ಎರಡು ಕಡೆ ಮುರಿದಿದೆ, ರಾಡು ಹಾಕಬೇಕಂತೆ.

ಗಾಡಿ ನೋಡಿಬಂದೆ. ಕನೆಕ್ಟಿಂಗ್ ರಾಡು ಮುರಿದು ಬ್ಲಾಕು ಒಡೆದುಕೊಂಡು ಹೊರಗೆ ಬಂದಿದೆ. ಎಂಜಿನ್ ಒಮ್ಮೆಗೇ ಹಿಡಿದು ಗಾಲಿ ನಿಂತು ಗಾಡಿ ತಗ್ಗಿಗೆ ಮಗುಚಿದೆ. ಬೇರಿಂಗ್ ಸವೆದರೆ ಹೀಗಾಗುತ್ತದೆ. ಆದರೆ ಬೇರಿಂಗ್ ಸವೆದರೆ ಮೊದಲು ಸದ್ದು ಬರುತ್ತದೆ. ಅದಿಲ್ಲದೆ ಹೇಗೆ? ಈ ಟಂಟಂ ಓಡಿಸುವವರು ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುತ್ತಾರೆ, ಆಯಿಲ್ ಬದಲಿಸುವುದಿಲ್ಲ. ನಾನು ಎಷ್ಟು ಸಲ ಹೇಳಿದ್ದೇನೆ. ದವಾಖಾನೆಯಲ್ಲೂ ಅದನ್ನೇ ಹೇಳಿದೆ, ಅವನ ಹೆಂಡತಿ ಹುಸೇನಬಿ ವೈನಿಯ ಮುಂದೆ. ಆಕೆ ಗಂಡನ ಮುಖ ನೋಡಿದರು. ಸುಭಾನ ಕಣ್ಣು ಮುಚ್ಚಿಕೊಂಡು ಮಲಗಿದ್ದ. ಸದ್ದು ಇರಲಿಲ್ಲ. ಇದ್ದಿದ್ದರೆ ನನಗೆ ಕೇಳುತ್ತಿರಲಿಲ್ಲವೇ?

ಮನೆಯಲ್ಲಿ ಊಟದ ತಟ್ಟೆ ಇಟ್ಟು ಒಳಗೆ ಹೋಗುತ್ತಾರೆ.

೨೫ ನವೆಂಬರ್, ಮಂಗಳವಾರ

ಗಿರಾಕಿ ಕಡಿಮೆಯಾಗಿದ್ದಾರೆ. ಬ್ಯಾಂಕಿನ ಸಾಹೇಬರ ಗಾಡಿ ಸೋಮಲಿಂಗನ ಗ್ಯಾರೇಜಿನ ಮುಂದೆ ನಿಂತಿತ್ತು. ಆ ಸೋಮಲಿಂಗನಿಗೆ ಕಾರ್ಬೊರೇಟರ್ ಕಟ್ಟಿದೆಯೋ ಪ್ಲಗ್ಗು ಹೋಗಿದೆಯೋ ಗೊತ್ತಾಗುವುದಿಲ್ಲ, ಎಲ್ಲ ಬಿಚ್ಚಿ ಹರವಿ ಕೂಡುತ್ತಾನೆ. ಹೋಗಲಿ, ಅನುಭವಿಸಲಿ.

ಈಗ ನನ್ನ ಅಂಗಳದಲ್ಲಿ ನಿಲ್ಲುವುದು ಬ್ಯಾಟರಿ ಗಾಡಿಗಳೇ. ಪ್ರೀತಿಯದನ್ನು ನೋಡಿ ಇಬ್ಬರು ಟೀಚರುಗಳು ತಂದಿದ್ದಾರೆ, ಪೋಸ್ಟ್ ಆಫೀಸಿನ ರಮಾಬಾಯಿಯೂ ತಂದಿದ್ದಾಳೆ. ಕರೆಂಟು ಹೋಗಿ ಚಾರ್ಜ್ ಆಗಲಿಲ್ಲ ಎಂದು ಅರ್ಧ ದಾರಿಯಿಂದ ದೂಡಿಕೊಂಡು ಬರುತ್ತಾರೆ, ಬಂದು ಪ್ರೀತಿ ಇಲ್ಲವೇ ಎಂದು ಕೇಳುತ್ತಾರೆ. ನಾನು ಇರುವುದು ಕಾಣುವುದೇ ಇಲ್ಲ.

ಇವತ್ತು ಪ್ರೀತಿ ಇರಲಿಲ್ಲ. ಬೇಸರಕ್ಕೆ ಮೀಟರ್ ತೆಗೆದುಕೊಂಡು ರಮಾಬಾಯಿಯ ಗಾಡಿಗೆ ಹಚ್ಚಿದೆ. ನಾಲ್ಕು ಬ್ಯಾಟರಿಯಲ್ಲಿ ಮೂರು ಒಂದೇ ಅಂಕಿ ತೋರಿಸಿದವು, ಒಂದು ಬಿದ್ದಿತ್ತು. ಅದರ ತುದಿಯಲ್ಲಿ ಕಿಲುಬು. ಉಜ್ಜಿ ಬಿಗಿದೆ, ಅಂಕಿ ಏರಿತು. ಇದೇನು ದೊಡ್ಡ ವಿದ್ಯೆ? ಸುಮ್ಮನೆ ಕಣ್ಣಿದ್ದರಾಯಿತು. ಆದರೂ ಸಂಜೆಯತನಕ ಉಳಿದ ಗಾಡಿಗಳನ್ನೂ ನೋಡಿದೆ. ಚಹಾ ಆರಿಹೋಗಿತ್ತು.

೧೧ ಡಿಸೆಂಬರ್, ಗುರುವಾರ

ಎಲ್ಲಿಂದ ಬರೆಯಲಿ?

ಸಂಜೆ ಪ್ರೀತಿ ಬಂದು ಗ್ಯಾರೇಜಿನ ಮುಂದೆ ನಿಂತಳು. ಹ್ಯಾಂಡಲ್ ಬೋಳಾಗಿತ್ತು. ಮೋತಿಯ ಗೆಜ್ಜೆ ಇರಲಿಲ್ಲ. ತಲೆ ಕೆಟ್ಟಿತು. ಚಹಾದಂಗಡಿಯ ಮಂದಿಯೆಲ್ಲ ನೋಡುವಂತೆ ಒದರಿದೆ.

“ಗೆಜ್ಜಿ ಎಲ್ಲಿ ಬಿಚ್ಚಿ ಒಗದಿ? ಅವನ ಕೈ ಮುರದೈತಿ, ಮನ್ಯಾಗ ಬಿದ್ದಾನ. ಅವನ ಗೆಜ್ಜಿನೂ ಬ್ಯಾಡಾತೇನು ನಿಂಗ?”

ಅವಳ ತುಟಿ ಅಲ್ಲಾಡಿತು. ತಿಳಿಯಲಿಲ್ಲ. ಹತ್ತಿರ ಬಂದು ಜೋರಾಗಿ ಹೇಳಿದಳು: “ಬಿಚ್ಚಿಲ್ಲ ಯಪ್ಪಾ. ಬ್ರೇಕ್ ವಾಯರಿಗೆ ತಿಕ್ಕತಿತ್ತು, ಅದಕ್ಕ ಕೆಳಗ ಕಟ್ಟೇನಿ. ದಾರಿತುಂಬ ಬಾರಿಸಿಕೋತನ ಬಂದೇನಿ.”

“ಸುಳ್ಳು ಬೊಗಳಬ್ಯಾಡ!”

ಅವಳು ಬಗ್ಗಿ, ಮುಂದಿನ ಗಾಲಿಯ ಮೇಲೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿ ನನ್ನ ಮುಖದ ಮುಂದೆ ಹಿಡಿದು ಅಲ್ಲಾಡಿಸಿದಳು. ಗೆಜ್ಜೆಗಳು ಕುಣಿದವು. ಒಂದಕ್ಕೊಂದು ಬಡಿದವು, ಕಂಡಿತು. ಚಹಾದಂಗಡಿಯ ನಾಯಿ ಕಿವಿ ನಿಮಿರಿಸಿ ಎದ್ದು ನಿಂತಿತು. ನನಗೆ ಏನೂ ಇಲ್ಲ. ಇನ್ನೂ ಜೋರಾಗಿ ಅಲ್ಲಾಡಿಸಿದಳು, ಅಳುತ್ತಾ. ಏನೂ ಇಲ್ಲ. ಆಮೇಲೆ ನನ್ನ ಕೈ ಹಿಡಿದು ಗೆಜ್ಜೆಯ ಮೇಲೆ ಇಟ್ಟಳು. ಅಂಗೈಯೊಳಗೆ ಗುಬ್ಬಿಮರಿಯಂತೆ ಅದುರಿತು.

ಯಾರೂ ನಗಲಿಲ್ಲ. ಎಲ್ಲರೂ ತಲೆ ಬಗ್ಗಿಸಿ ಚಹಾ ಕುಡಿದರು. ಅಂದರೆ ಎಲ್ಲರಿಗೂ ಗೊತ್ತಿತ್ತು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನಟ್ಟು ತಿರುವುವ ಪಾನಾಗಳನ್ನು ಒಂದೊಂದಾಗಿ ತಗಡಿನ ಮೇಲೆ ಬೀಳಿಸಿದೆ. ದೊಡ್ಡ ಪಾನಾ ಬಿದ್ದದ್ದು ಕೇಳಿತು. ಅದಕ್ಕಿಂತ ಸಣ್ಣದು ದೂರದಲ್ಲಿ ಬಿದ್ದಂತಾಯಿತು. ಹತ್ತನೇ ನಂಬರಿನದು, ಎಂಟನೇ ನಂಬರಿನದು ಬಿದ್ದದ್ದು ಕಣ್ಣಿಗೆ ಮಾತ್ರ ಕಂಡಿತು. ಮತ್ತೆ ಎತ್ತಿ ಬೀಳಿಸಿದೆ.

ಕಟಕಟ ಎಂದು ಪ್ರೀತಿ ಹೇಳಿದಳು. ಕಟಕಟ ಇತ್ತು. ದೇವರೇ, ಇತ್ತು. ನಾನೇ ಸುಭಾನನನ್ನು ತಗ್ಗಿಗೆ ಕಳಿಸಿದವನು.

೧೨ ಡಿಸೆಂಬರ್

ಗ್ಯಾರೇಜ್ ತೆರೆಯಲಿಲ್ಲ.

೨೦ ಡಿಸೆಂಬರ್, ಶನಿವಾರ

ಬಾಗಲಕೋಟೆಯ ಕಿವಿ ಡಾಕ್ಟರು ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ನರ ಸತ್ತಿದೆಯಂತೆ, ತಿರುಗಿ ಬರುವುದಿಲ್ಲವಂತೆ. ಮಶೀನು ಹಾಕಿಕೊಂಡರೆ ಮಾತು ಸ್ವಲ್ಪ ತಿಳಿದೀತು, ಸಣ್ಣ ಸದ್ದುಗಳು ಕಷ್ಟ. ಚಿಕ್ಕಂದಿನಲ್ಲಿ ಎಲ್ಲಿ ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಪವರ್‌ಲೂಮ್ ಎಂದೆ. ತಲೆ ಅಲ್ಲಾಡಿಸಿ ಚೀಟಿಯಲ್ಲಿ ಬರೆದುಕೊಂಡರು. ಕಿವಿ ಪಳಗಿದ್ದು ಅಲ್ಲಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ ನಾನು.

ಬಸ್ಸಿನಲ್ಲಿ ಶಾರವ್ವ ಅತ್ತಳು. “ಒದರಿ ಒದರಿ ನನ್ನ ಗಂಟಲ ಹರದೈತ್ರಿ. ನಿಮಗ ಹೇಳಿದ್ರ ಸಿಟ್ಟಿಗೇಳತೀರಿ ಅಂತ ಬಾಯಿ ಮುಚಗೊಂಡಿದ್ದೆ.” ನನಗೆ ಸಿಟ್ಟು ಬರಲಿಲ್ಲ. ಹೆದರಿಕೆಯಾಯಿತು. ಗ್ಯಾರೇಜ್ ಬಿಟ್ಟರೆ ನಾನು ಯಾರು?

೩೦ ಡಿಸೆಂಬರ್, ಮಂಗಳವಾರ

ಗೋವನಕೊಪ್ಪದ ಹುಲ್ಲಪ್ಪ ಮೋಟರ್ ಸೈಕಲ್ ತಂದಿದ್ದ. ಚಾಲೂ ಮಾಡಿ ನನ್ನ ಮುಖ ನೋಡುತ್ತಾ ನಿಂತ, ಕೂಡಲೇ ರೋಗ ಹೇಳುತ್ತೇನೆಂದು. ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡೆ. ಬಾಯಿಯ ತನಕ ಬಂತು, ತಿರುಗಿ ಗೂಟಕ್ಕೆ ಹಾಕಿದೆ. “ಸೋಮಲಿಂಗನ ಕಡೆ ಒಯ್ಯಪಾ,” ಅಂದೆ. ಹುಲ್ಲಪ್ಪ ಬಾಯಿ ತೆರೆದುಕೊಂಡು ನಿಂತ.

ಮಧ್ಯಾಹ್ನ ಟೀಚರೊಬ್ಬರ ಗಾಡಿಯ ಬ್ಯಾಟರಿ ಬಿಚ್ಚಿ ಕಟ್ಟಿದೆ. ಪ್ರೀತಿ ಬಂದು ಮೀಟರ್ ಹಚ್ಚಿ ನೋಡಿದಳು, ಹೆಬ್ಬೆಟ್ಟು ಎತ್ತಿ ತೋರಿಸಿದಳು. ಇತ್ತೀಚೆಗೆ ನನ್ನ ಜೊತೆ ಮಾತಾಡುವಾಗ ಎದುರಿಗೆ ಬಂದು ನಿಲ್ಲುತ್ತಾಳೆ.

೪ ಜನವರಿ ೨೦೦೯, ಭಾನುವಾರ

ಡೈರಿ ಮುಗಿದಿದೆ. ಕೊನೆಯ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ಇವತ್ತು ಸುಭಾನನ ಮನೆಗೆ ಹೋದೆ. ಒಬ್ಬನೇ ಹೋಗಲು ಕಾಲು ಬರಲಿಲ್ಲ. ಪ್ರೀತಿ ಗಾಡಿ ತೆಗೆದಳು, ಮೊದಲ ಸಲ ಅದರ ಹಿಂದೆ ಕೂತೆ. ನನ್ನ ಮಟ್ಟಿಗೆ ಊರಿನ ಎಲ್ಲ ಗಾಡಿಗಳೂ ಈಗ ಅದರಂತೆ ಸದ್ದಿಲ್ಲದೆ ಓಡುತ್ತವೆ. ಮುಂದಿನ ಟಂಟಂ ಕಪ್ಪು ಹೊಗೆ ಬಿಟ್ಟಾಗ ಪ್ರೀತಿ ಸೆರಗಿನಿಂದ ಮೂಗು ಮುಚ್ಚಿಕೊಂಡದ್ದು ಕಂಡಿತು. ಇಷ್ಟು ವರ್ಷ ಹಾಗೆಯೇ ಮುಚ್ಚಿಕೊಳ್ಳುತ್ತಿದ್ದಳೋ ಏನೋ, ನಾನು ನೋಡಿರಲಿಲ್ಲ.

ಸುಭಾನ ಕಟ್ಟೆಯ ಮೇಲೆ ಕೂತಿದ್ದ. ಬಲಗೈ ಸೊಟ್ಟಗೆ ಕೂಡಿದೆ, ಬೆರಳು ಪೂರ್ತಿ ಮಡಚುವುದಿಲ್ಲ. ಎಡಗೈಯಿಂದಲೇ ಚಹಾದ ಬಸಿ ಮುಂದೆ ಸರಿಸಿದ.

“ನಂಗ ಕಿವಿ ಕೇಳೂದಿಲ್ಲೋ ಸುಭಾನ,” ಅಂದೆ. “ಆವತ್ತ ನಿನ್ನ ಗಾಡಿ ಸದ್ದ ನಂಗ ಕೇಳಲಿಲ್ಲ. ಸೀಮಿಎಣ್ಣಿ ಅಂದೆ, ಆಯಿಲ್ ಅಂದೆ. ಎಲ್ಲಾ ಸುಳ್ಳು. ನಿನ್ನ ಕೈ ಮುರದಾಂವ ನಾನ.”

ಅವನು ನೆಲ ನೋಡುತ್ತಾ ಏನೋ ಹೇಳಿದ. ಗಡ್ಡದೊಳಗೆ ತುಟಿ ಅಲ್ಲಾಡಿದ್ದು ಕಂಡಿತು, ಮಾತು ತಿಳಿಯಲಿಲ್ಲ. ತಿಂಗಳ ಹಿಂದಾಗಿದ್ದರೆ ಕೇಳಿದವನಂತೆ ತಲೆ ಆಡಿಸಿ ಎದ್ದುಬರುತ್ತಿದ್ದೆ.

“ಕೇಳಲಿಲ್ಲೋ,” ಅಂದೆ. “ಇನ್ನೊಮ್ಮಿ ಹೇಳು.”

ಸುಭಾನ ತಲೆ ಎತ್ತಿ ನನ್ನನ್ನೇ ನೋಡಿದ. ಸರಿದು ಹತ್ತಿರ ಕೂತು, ಸೊಟ್ಟ ಕೈಯನ್ನು ನನ್ನ ಹೆಗಲ ಮೇಲೆ ಹಾಕಿ, ಕಿವಿಯ ಹತ್ತಿರ ಬಾಯಿ ತಂದು, ಒಂದೊಂದೇ ಮಾತು ಬಿಡಿಸಿ ಹೇಳಿದ.

“ಆ ಕಟಕಟ ನಂಗೂ ಕೇಳಿತ್ತ ಲೇ ತಿಮ್ಮ್ಯಾ. ನೀ ಏನೂ ಇಲ್ಲ ಅಂದಿ. ನನ್ನ ಕಿವಿ ಬಿಟ್ಟು ನಿನ್ನ ಕಿವಿ ನಂಬಿದೆ.”

ಈ ಸಲ ಕೇಳಿತು.